ಸಣ್ಣ ಡೆಂಟಿಗೆ ಇನ್ಶೂರೆನ್ಸ್ ಕ್ಲೇಮ್ ಮಾಡ್ಬೇಕಾ, ಕೈಯಿಂದ ಹಾಕ್ಬೇಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಗಾಡಿ ತಿರುಗಿಸೋವಾಗ ಎಡಗಡೆ ಹಿಂದಿನ ಡೋರ್ ಪಿಲ್ಲರಿಗೆ ಉಜ್ಜಿಬಿಡ್ತು. ಡೋರು, ಅದರ ಹಿಂದಿನ ಪ್ಯಾನೆಲ್ಲು ಎರಡೂ ಗೀಚಿದೆ, ಸ್ವಲ್ಪ ಒಳಗೂ ಹೋಗಿದೆ. ಕಂಪನಿ ಸರ್ವೀಸ್ ಸೆಂಟರಲ್ಲಿ 11,500 ಎಸ್ಟಿಮೇಟ್ ಕೊಟ್ಟಿದ್ದಾರೆ. "ಝೀರೋ ಡೆಪ್ (ಪಾರ್ಟು ಹಳೇದು ಅಂತ ಕಡಿತ ಮಾಡದ ಪಾಲಿಸಿ) ಇದೆಯಲ್ಲ ಸಾರ್, ಕ್ಲೇಮ್ ಹಾಕ್ಬಿಡಿ, ನಿಮ್ ಕೈಯಿಂದ ಸಾವಿರ ರೂಪಾಯಿ ಅಷ್ಟೇ" ಅಂತಿದ್ದಾರೆ. ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯಿತಿ) 35 ಪರ್ಸೆಂಟ್ ಇದೆ, ಅದನ್ನ ಕಳೆಯೋಕೆ ಮುಂಚೆ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗೋ ನಷ್ಟದ) ಪ್ರೀಮಿಯಂ 9,000 ಅಂತ ಪಾಲಿಸೀಲಿದೆ. ಏನ್ ಮಾಡ್ಲಿ? — ಬೆಂಗಳೂರಿನ ಓದುಗರು

ಉತ್ತರ: ಮೊದಲನೇದಾಗಿ ಪಾಲಿಸಿ ತೆಗೆದು ಓನ್ ಡ್ಯಾಮೇಜ್ ಎಷ್ಟಿದೆ ಅಂತ ನೋಡಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗೀತು, ಜಾಸ್ತಿ ಜನ ಒಟ್ಟು ಪ್ರೀಮಿಯಂ ಇಟ್ಕೊಂಡು ಲೆಕ್ಕ ಹಾಕ್ತಾರೆ, ಅದು ತಪ್ಪು, ಯಾಕಂದ್ರೆ ಎನ್‌ಸಿಬಿ ಸಿಗೋದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟದ) ಪ್ರೀಮಿಯಮ್ಮಿಗೂ ಅದಕ್ಕೂ ಸಂಬಂಧ ಇಲ್ಲ.

ಸಾವಿರ ರೂಪಾಯಿ ಅಂತ ಅವರು ಹೇಳಿದ್ದು ಸುಳ್ಳಲ್ಲ. 1500 ಸಿಸಿ ತನಕದ ಕಾರಿಗೆ ಕಡ್ಡಾಯ ಕಡಿತ ಅಂತ ಪ್ರತಿ ಕ್ಲೇಮಿಗೆ 1,000 ರೂಪಾಯಿ ನಾವು ಹಾಕ್ಬೇಕು, ಅದಕ್ಕಿಂತ ದೊಡ್ಡ ಇಂಜಿನ್ ಆದ್ರೆ 2,000. ಆದ್ರೆ ನಿಮ್ಮ ಜೇಬಿಂದ ಹೋಗೋದು ಅಷ್ಟೇ ಅಲ್ಲ, ಉಳಿದಿದ್ದು ಮುಂದಿನ ವರ್ಷದಿಂದ ಕಂತಲ್ಲಿ ಹೋಗುತ್ತೆ, ಅದನ್ನ ಕೌಂಟರಲ್ಲಿ ಕೂತವರು ಹೇಳೋದಿಲ್ಲ.

ಎನ್‌ಸಿಬಿ ಹತ್ತೋದು ಹೀಗೆ: ಒಂದು ವರ್ಷ ಕ್ಲೇಮ್ ಇಲ್ದೇ ಇದ್ರೆ 20 ಪರ್ಸೆಂಟ್, ಆಮೇಲೆ 25, 35, 45, ಕೊನೆಗೆ 50, ಅಲ್ಲಿಗೆ ನಿಲ್ಲುತ್ತೆ. ಒಂದು ಕ್ಲೇಮ್ ಮಾಡಿದ್ರೆ ಒಂದು ಮೆಟ್ಟಿಲು ಕೆಳಗೆ ಬರೋದಲ್ಲ, ಸೀದಾ ಸೊನ್ನೆಗೆ. ನೀವೀಗ 35ರಲ್ಲಿದ್ದೀರಿ. ಕ್ಲೇಮ್ ಮಾಡ್ಲಿಲ್ಲ ಅಂದ್ರೆ ಮುಂದಿನ ರಿನ್ಯೂವಲ್‌ಗೆ 45 ಸಿಗ್ತಿತ್ತು, ಮಾಡಿದ್ರೆ ಸೊನ್ನೆ. ಅದರ ಮುಂದಿನ ವರ್ಷ 50 ಸಿಗೋ ಜಾಗದಲ್ಲಿ 20. ಆಮೇಲೆ 50ರ ಜಾಗದಲ್ಲಿ 25, ಮತ್ತೆ 35, ಮತ್ತೆ 45, ಆರನೇ ರಿನ್ಯೂವಲ್ಲಿಗೆ ಎರಡೂ ದಾರಿ ಸೇರ್ಕೊಳ್ಳುತ್ತೆ. ಪ್ರತಿ ವರ್ಷದ ವ್ಯತ್ಯಾಸ ಕೂಡಿಸಿ, 45, 30, 25, 15, 5, ಒಟ್ಟು 120 ಪರ್ಸೆಂಟ್ ಆಯ್ತು. ನಿಮ್ಮ 9,000ಕ್ಕೆ ಅದು 10,800, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ, 12,744. ವರ್ಷ ಕಳೆದಂಗೆ ಗಾಡಿ ಐಡಿವಿ, ಅಂದ್ರೆ ಪಾಲಿಸೀಲಿ ಗಾಡಿಗೆ ಕಟ್ಟಿದ ಬೆಲೆ, ಇಳಿಯುತ್ತೆ, ಅದರ ಜೊತೆ ಓನ್ ಡ್ಯಾಮೇಜ್ ಪ್ರೀಮಿಯಮ್ಮೂ ಸಾಮಾನ್ಯವಾಗಿ ಇಳಿಯುತ್ತೆ, ಹಂಗಾಗಿ ಹತ್ತು ಹನ್ನೊಂದು ಸಾವಿರ ಅಂತಾನೇ ಇಟ್ಕೊಳ್ಳಿ. ಕ್ಲೇಮಿಂದ ನಿಮಗೆ ಉಳಿಯೋದು 10,500. ಅಂದ್ರೆ ಸರಿಸುಮಾರು ಸಮ ಸಮ, ನಿಮ್ಮ ದುಡ್ಡೇ ಸುತ್ತಿ ಬಳಸಿ ವಾಪಸ್ ಹೋಗುತ್ತೆ.

"ಮುಂದಿನ ವರ್ಷ ಒಂದು ನಾಲ್ಕು ಸಾವಿರ ಜಾಸ್ತಿ ಆಗ್ಬಹುದು ಅಷ್ಟೇ" ಅಂತ ಯಾರಾದ್ರೂ ಹೇಳಿದ್ರೆ ಅವರು ಮೊದಲನೇ ವರ್ಷದ 45 ಪರ್ಸೆಂಟ್ ಮಾತ್ರ ನೋಡ್ತಿದ್ದಾರೆ ಅಂತ ಅರ್ಥ, ಆಮೇಲಿನ ನಾಲ್ಕು ವರ್ಷದ್ದು ಲೆಕ್ಕಕ್ಕೇ ತಗೊಂಡಿಲ್ಲ.

ಬೇರೆ ಓದುಗರಿಗೂ ಉಪಯೋಗ ಆಗ್ಲಿ ಅಂತ ಹೇಳ್ತೀನಿ. ಇದೇ ಥರ ಕೂಡಿಸಿದ್ರೆ, ಈಗ ಎನ್‌ಸಿಬಿ ಏನೂ ಇಲ್ಲದವರಿಗೆ ಒಂದು ಕ್ಲೇಮಿಂದ ಹೋಗೋದು ಓನ್ ಡ್ಯಾಮೇಜ್ ಪ್ರೀಮಿಯಮ್ಮಿನ ಅರ್ಧ, 20ರಲ್ಲಿ ಇರೋರಿಗೆ 80 ಪರ್ಸೆಂಟ್, 25ರಲ್ಲಿ ಇರೋರಿಗೆ 105, ನಿಮ್ಮಂಗೆ 35ರಲ್ಲಿ ಇರೋರಿಗೆ 120, 45 ಅಥವಾ 50ರಲ್ಲಿ ಇರೋರಿಗೆ 125, ಅಂದ್ರೆ ಒಂದೂಕಾಲು ಪಟ್ಟು. ಅದಕ್ಕೆ ಜಿಎಸ್‌ಟಿ ಸೇರಿಸಿ, ಕಡ್ಡಾಯ ಕಡಿತ ಸೇರಿಸಿ, ರಿಪೇರಿ ಖರ್ಚು ಅದಕ್ಕಿಂತ ಎಷ್ಟು ಮೇಲಿದೆ ನೋಡಿ. ಚೆನ್ನಾಗಿ ಮೇಲಿದ್ರೆ ಕ್ಲೇಮ್ ಮಾಡಿ, ಯೋಚನೆ ಬೇಡ.

ಆದ್ರೆ ಈ ಲೆಕ್ಕ ಮುಂದೆ ಐದು ವರ್ಷ ಇನ್ನೊಂದು ಕ್ಲೇಮ್ ಆಗಲ್ಲ ಅನ್ನೋ ನಂಬಿಕೆ ಮೇಲೆ ನಿಂತಿದೆ. ದಿನಾ ಸಿಲ್ಕ್ ಬೋರ್ಡ್ ದಾಟೋರು, ಈಗಷ್ಟೇ ಡ್ರೈವಿಂಗ್ ಕಲಿತ ಮಕ್ಕಳ ಕೈಗೆ ಗಾಡಿ ಕೊಡೋರು, ಮುಂದಿನ ವರ್ಷ ಹೆಂಗೂ ಇನ್ನೊಂದು ಆಗೇ ಆಗುತ್ತೆ ಅನ್ನೋ ಪರಿಸ್ಥಿತೀಲಿ ಇದ್ರೆ ಎನ್‌ಸಿಬಿ ಆಗ ಹೋಗೇ ಹೋಗುತ್ತೆ, ಈಗಿನ ಕ್ಲೇಮಿಂದ ಹೆಚ್ಚುವರಿಯಾಗಿ ಕಳ್ಕೊಳ್ಳೋದು ಮೊದಲನೇ ವರ್ಷದ್ದು ಮಾತ್ರ, ನಿಮ್ಮ ಲೆಕ್ಕದಲ್ಲಿ 4,050 ಮತ್ತೆ ಅದರ ಜಿಎಸ್‌ಟಿ. ಅಂಥವರು ಕ್ಲೇಮ್ ಮಾಡೋದೇ ಸರಿ. ನಿಮ್ಮ ಗಾಡಿ ಓಡಾಟ ಹೆಂಗೆ ಅಂತ ನಿಮಗೇ ಗೊತ್ತು, ಇದನ್ನ ಬೇರೆಯವರು ಹೇಳೋಕಾಗಲ್ಲ.

ಇನ್ನೊಂದು ಮುಖ್ಯ ಮಾತು. 11,500 ಅನ್ನೋದು ಕಂಪನಿ ಸರ್ವೀಸ್ ಸೆಂಟರ್ ರೇಟು. ಕೈಯಿಂದ ದುಡ್ಡು ಹಾಕೋದಾದ್ರೆ ನೀವು ಅಲ್ಲೇ ಮಾಡಿಸ್ತೀರಾ, ಅಥವಾ ನಂಬಿಕೆ ಇರೋ ಹೊರಗಿನ ಟಿಂಕರಿಂಗ್ ಶಾಪಿಗೆ ಹೋಗ್ತೀರಾ? ಹೊರಗೆ 7,000ಕ್ಕೆ ಆಗುತ್ತೆ ಅಂದ್ರೆ ಕ್ಲೇಮಿಂದ ನಿಮಗೆ ನಿಜವಾಗಿ ಉಳಿಯೋದು 6,000 ಮಾತ್ರ, 10,500 ಅಲ್ಲ. ಹೋಲಿಸ್ಬೇಕಾಗಿರೋದು ನೀವು ನಿಜವಾಗ್ಲೂ ಕೊಡ್ತಿದ್ದ ದುಡ್ಡಿನ ಜೊತೆ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಪಿಲ್ಲರಿಗೆ ಉಜ್ಜಿದ ಗಾಡೀಲಿ ಕಾಣಿಸೋ ಹಳದಿ ಕಪ್ಪು ಗೀಟುಗಳಲ್ಲಿ ಎಷ್ಟೋ ಪಿಲ್ಲರಿನ ಬಣ್ಣವೇ ಗಾಡಿಗೆ ಅಂಟಿರುತ್ತೆ, ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ, ಆದ್ರೆ ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತನೆ ಬಟ್ಟೇಲಿ ತಿಕ್ಕಿದ್ರೆ ಅರ್ಧಕ್ಕರ್ಧ ಹೋಗುತ್ತೆ. ಉಳಿದ ಗೀಟಿನ ಮೇಲೆ ಅಡ್ಡಕ್ಕೆ ಉಗುರು ಎಳೀರಿ. ಉಗುರು ಸಿಕ್ಕಿಹಾಕ್ಕೊಳ್ಳಲಿಲ್ಲ ಅಂದ್ರೆ ಮೇಲಿನ ಕ್ಲಿಯರ್ ಕೋಟಿಗೆ ಮಾತ್ರ ಪೆಟ್ಟಾಗಿದೆ, ಪಾಲಿಶಲ್ಲೇ ಮುಗಿಯುತ್ತೆ. ಸಿಕ್ಕಿಹಾಕ್ಕೊಂಡ್ರೆ ಪೇಂಟ್ ಬೇಕು. ಬಣ್ಣ ಕಿತ್ತಿಲ್ಲ, ಬರೀ ಒಳಗೆ ಹೋಗಿದೆ ಅನ್ನೋ ಕಡೆ ಪೇಂಟ್ ಮುಟ್ಟದೇ ಹಿಂದಿನಿಂದ ರಾಡ್ ಹಾಕಿ ಮೆಲ್ಲಗೆ ಎತ್ತೋ ಡೆಂಟ್ ರಿಪೇರಿ ಮಾಡೋರು ಇದ್ದಾರೆ, ಅದು ಸಾಧ್ಯ ಆದ್ರೆ ಅದೇ ಒಳ್ಳೇದು, ಕಂಪನಿ ಪೇಂಟ್ ಹಂಗೇ ಉಳಿಯುತ್ತೆ, ಪುಟ್ಟಿ ಬೀಳಲ್ಲ. ಇಷ್ಟೆಲ್ಲ ನೋಡಿದ ಮೇಲೆ ಇನ್ನೊಂದು ಸಲ ಎಸ್ಟಿಮೇಟ್ ತಗೊಳ್ಳಿ. ನಿಮ್ಮ ಜಾಗದಲ್ಲಿ ನಾನಿದ್ರೆ ಈ ಡೋರಿಗೆ ಕ್ಲೇಮ್ ಮಾಡಲ್ಲ.

ಪ್ರಶ್ನೆ: ನನ್ನದು ಆರು ವರ್ಷದ ಗಾಡಿ, ಝೀರೋ ಡೆಪ್ ಇಲ್ಲ, ಎನ್‌ಸಿಬಿ 50. ಹಿಂದಿನ ಬಂಪರ್ ಸೀಳಿದೆ. ಬಂಪರ್ 8,000, ಪೇಂಟಿಂಗ್ 4,000, ಲೇಬರ್ 1,500 ಅಂತ ಬರ್ಕೊಟ್ಟಿದ್ದಾರೆ. ಕ್ಲೇಮ್ ಮಾಡಿದ್ರೆ ಪೂರ್ತಿ ಬರುತ್ತಾ? ಓನ್ ಡ್ಯಾಮೇಜ್ 6,000 ಇದೆ, ಎನ್‌ಸಿಬಿ ಕಳೆಯೋಕೆ ಮುಂಚೆ. — ಹುಬ್ಬಳ್ಳಿಯ ಓದುಗರು

ಉತ್ತರ: ಪೂರ್ತಿ ಬರಲ್ಲ. ಝೀರೋ ಡೆಪ್ ಇಲ್ದೇ ಇರೋ ಪಾಲಿಸೀಲಿ ಪ್ಲಾಸ್ಟಿಕ್, ರಬ್ಬರ್ ಪಾರ್ಟುಗಳಿಗೆ ಗಾಡಿ ಹೊಸದಿರ್ಲಿ ಹಳೇದಿರ್ಲಿ 50 ಪರ್ಸೆಂಟ್ ಕಟ್, ಈಗಿನ ಬಂಪರ್ ಎಲ್ಲಾ ಪ್ಲಾಸ್ಟಿಕ್ಕೇ. ಹಂಗಾಗಿ 8,000ದಲ್ಲಿ 4,000 ನಿಮ್ಮದು. ಪೇಂಟಿಂಗ್ ಬಿಲ್ಲಲ್ಲಿ ಕಾಲು ಭಾಗ ಸಾಮಾನಿಂದು ಅಂತ ಲೆಕ್ಕ, ಆ ಸಾವಿರದಲ್ಲಿ ಅರ್ಧ ಕಟ್, ಅಂದ್ರೆ 500 ಹೋಗುತ್ತೆ. ಲೇಬರಿಗೆ ಕಟ್ ಇಲ್ಲ. ಹೀಗೆ 13,500ರಲ್ಲಿ 9,000 ಉಳೀತು, ಅದ್ರಲ್ಲಿ ಕಡ್ಡಾಯದ ಸಾವಿರ ತೆಗೆದ್ರೆ 8,000. ಕ್ಲಿಪ್ಪು, ಸ್ಕ್ರೂ ಅಂತ ಸಣ್ಣಪುಟ್ಟದ್ದಕ್ಕೂ ಎಷ್ಟೋ ಪಾಲಿಸೀಲಿ ಕೊಡಲ್ಲ.

ಕಳ್ಕೊಳ್ಳೋದು? 6,000ದ ಒಂದೂಕಾಲು ಪಟ್ಟು 7,500, ಜಿಎಸ್‌ಟಿ ಸೇರಿ 8,850. ಪ್ರೀಮಿಯಂ ಇಳಿಯೋದನ್ನ ತೆಗೆದ್ರೂ ಸಮಕ್ಕೆ ಬರುತ್ತೆ. ಇಷ್ಟಕ್ಕೆ 50 ಪರ್ಸೆಂಟ್ ಬಿಟ್ಕೊಡ್ಬೇಡಿ. ಸೀಳಿದ ಬಂಪರ್ ಬದಲಾಯಿಸ್ಲೇಬೇಕು ಅಂತೇನಿಲ್ಲ, ಪ್ಲಾಸ್ಟಿಕ್ ವೆಲ್ಡಿಂಗ್ ಮಾಡೋರ ಹತ್ರ ಒಂದ್ಸಲ ತೋರ್ಸಿ, ಲಾಕ್ ಆಗೋ ಕಿವಿಗಳು ಮುರಿದಿಲ್ಲ ಅಂದ್ರೆ ಚೆನ್ನಾಗಿ ಕೂರುತ್ತೆ.

ಕಬ್ಬಿಣದ ಪಾರ್ಟಿಗೆ ಲೆಕ್ಕ ಬೇರೆ. ಅದಕ್ಕೆ ಗಾಡಿ ವಯಸ್ಸಿನ ಮೇಲೆ ಕಟ್, ಆರು ತಿಂಗಳ ತನಕ ಏನಿಲ್ಲ, ಒಂದರಿಂದ ಎರಡು ವರ್ಷಕ್ಕೆ 10 ಪರ್ಸೆಂಟ್, ನಾಲ್ಕರಿಂದ ಐದಕ್ಕೆ 35, ಐದರಿಂದ ಹತ್ತು ವರ್ಷದ ಗಾಡಿಗೆ 40. ಗಾಜಿಗೆ ಕಟ್ ಇಲ್ಲ. ಡೋರನ್ನ ಬದಲಾಯಿಸದೇ ಬಡಿದು ಸರಿ ಮಾಡಿದ್ರೆ ಅದು ಲೇಬರ್, ಅಲ್ಲಿ ಈ ಕಟ್ ಬರಲ್ಲ.

ಪ್ರಶ್ನೆ: ಗಾಡಿ ಮೇಲೆ ನಾಲ್ಕು ಕಡೆ ಹಳೇ ಡೆಂಟ್ ಇದೆ, ಬೇರೆ ಬೇರೆ ಟೈಮಲ್ಲಿ ಆಗಿದ್ದು. ಎಲ್ಲಾ ಸೇರಿಸಿ ಒಂದೇ ಆಕ್ಸಿಡೆಂಟ್ ಅಂತ ತೋರಿಸಿ ಕ್ಲೇಮ್ ಮಾಡಿಸ್ಕೊಡ್ತೀವಿ, ಫೈಲ್ ಚಾರ್ಜೂ (ಕಡ್ಡಾಯ ಕಡಿತದ ದುಡ್ಡು) ನಿಮಗೆ ಬೀಳ್ದಂಗೆ ನೋಡ್ಕೋತೀವಿ ಅಂತ ಗ್ಯಾರೇಜವರು ಅಂದ್ರು. ಎಲ್ಲರೂ ಹಂಗೇ ಮಾಡ್ತಾರಂತೆ, ಹೌದಾ? — ದಾವಣಗೆರೆಯ ಓದುಗರು

ಉತ್ತರ: ದಯವಿಟ್ಟು ಮಾಡ್ಬೇಡಿ. ಕ್ಲೇಮ್ ಫಾರಮ್ಮಲ್ಲಿ ಸೈನ್ ಹಾಕೋದು ನೀವು, ಗ್ಯಾರೇಜವರಲ್ಲ. ಯಾವ ದಿನ, ಎಲ್ಲಿ, ಹೆಂಗಾಯ್ತು ಅಂತ ಅದರಲ್ಲಿ ಬರೆಯೋದೆಲ್ಲ ನಿಮ್ಮ ಮಾತು, ಅದು ಸುಳ್ಳು ಅಂತ ಗೊತ್ತಾದ್ರೆ ಕ್ಲೇಮ್ ಪೂರ್ತಿ ತಿರಸ್ಕಾರ ಆಗ್ಬಹುದು, ನಾಳೆ ನಿಜವಾಗ್ಲೂ ದೊಡ್ಡದೇನಾದ್ರೂ ಆದಾಗ ನಿಮ್ಮ ಮಾತನ್ನ ಯಾರೂ ನಂಬಲ್ಲ. ಫೈಲ್ ಚಾರ್ಜ್ ಬೀಳ್ದಂಗೆ ನೋಡ್ಕೋತೀವಿ ಅಂದ್ರೆ ಆ ದುಡ್ಡನ್ನ ಬಿಲ್ಲಲ್ಲಿ ಬೇರೆ ಎಲ್ಲೋ ಏರಿಸ್ತಾರೆ ಅಂತ ಅರ್ಥ, ಅದೂ ನಿಮ್ಮ ಹೆಸರಲ್ಲೇ.

ನಷ್ಟ ನೋಡೋಕೆ ಇನ್ಶೂರೆನ್ಸ್ ಕಂಪನಿ ಕಳಿಸೋ ಸರ್ವೇಯರ್ ಕಣ್ಣಿಗೆ ಇದು ಬೀಳಲ್ಲ ಅನ್ಕೋಬೇಡಿ. ಹಳೇ ಪೆಟ್ಟಿನ ಗೀಟೊಳಗೆ ಧೂಳು ಕೂತಿರುತ್ತೆ, ಕಬ್ಬಿಣ ಕಂಡ ಕಡೆ ಕಂದು ತುಕ್ಕು ಶುರುವಾಗಿರುತ್ತೆ, ಹೊಸದರಲ್ಲಿ ಕಬ್ಬಿಣ ಬೆಳ್ಳಗೆ ಹೊಳೀತಿರುತ್ತೆ. ಮುಂದಿನ ಎಡಗಡೆ ಪೆಟ್ಟು ಹಿಂದಕ್ಕೆ ಎಳೆದಿದೆ, ಹಿಂದಿನ ಬಲಗಡೆ ಪೆಟ್ಟು ಮುಂದಕ್ಕೆ ಎಳೆದಿದೆ ಅಂದ್ರೆ ಒಂದೇ ಗುದ್ದಿಗೆ ಎರಡೂ ಆಗೋಕೆ ಸಾಧ್ಯ ಇಲ್ಲ. ಒಂದೊಂದು ಘಟನೆಗೂ ಒಂದೊಂದು ಕ್ಲೇಮು, ಒಂದೊಂದಕ್ಕೂ ಕಡ್ಡಾಯ ಕಡಿತ ಬೇರೆ ಬೇರೆ.

ನ್ಯಾಯವಾಗಿ ಉಪಯೋಗಿಸ್ಕೊಳ್ಳೋಕೆ ಒಂದು ದಾರಿ ಇದೆ, ಅದನ್ನ ಹೇಳ್ತೀನಿ. ಈ ಪಾಲಿಸಿ ವರ್ಷದಲ್ಲಿ ಯಾವುದೋ ಒಂದು ದೊಡ್ಡ ಕ್ಲೇಮ್ ಆಗಿ ಎನ್‌ಸಿಬಿ ಆಗ್ಲೇ ಹೋಗಿದ್ರೆ ಅದೇ ವರ್ಷದಲ್ಲಿ ಆಗೋ ಇನ್ನೊಂದು ಪೆಟ್ಟಿಗೆ ಕ್ಲೇಮ್ ಮಾಡೋದ್ರಿಂದ ಎನ್‌ಸಿಬಿ ವಿಷಯದಲ್ಲಿ ಮತ್ತೇನೂ ಹೋಗಲ್ಲ, ಆಗ ಸಣ್ಣದಾದ್ರೂ ಮಾಡ್ಬಹುದು, ಆಗಿದ್ದು ಆದಂಗೆ ಹೇಳಿ. ಝೀರೋ ಡೆಪ್ ಪಾಲಿಸೀಲಿ ವರ್ಷಕ್ಕೆ ಇಂತಿಷ್ಟೇ ಕ್ಲೇಮ್ ಅಂತ ಮಿತಿ ಇರೋದುಂಟು, ಅದೊಂದು ನೋಡ್ಕೊಳ್ಳಿ. ಮತ್ತೆ ಪೆಟ್ಟಾದ ತಕ್ಷಣ ಇನ್ಶೂರೆನ್ಸ್ ಕಂಪನಿಗೆ ತಿಳಿಸೋದು ಅಭ್ಯಾಸ ಮಾಡ್ಕೊಳ್ಳಿ, ಫೋಟೋ ಅಲ್ಲೇ ತೆಗೀರಿ.

ಪ್ರಶ್ನೆ: ಸಿಗ್ನಲ್ಲಲ್ಲಿ ನಿಂತಿದ್ದ ನನ್ನ ಗಾಡಿಗೆ ಹಿಂದಿನಿಂದ ಆಟೋ ಗುದ್ದಿತು. ತಪ್ಪು ನನ್ನದಲ್ಲ. ಆದ್ರೂ ಎನ್‌ಸಿಬಿ ಹೋಗುತ್ತಾ? — ಮೈಸೂರಿನ ಓದುಗರು

ಉತ್ತರ: ಹೋಗುತ್ತೆ. ಬೇಜಾರಿನ ವಿಷಯ, ಆದ್ರೆ ನಮ್ಮ ದೇಶದಲ್ಲಿ ಎನ್‌ಸಿಬಿ ನೋಡೋದು ಓನ್ ಡ್ಯಾಮೇಜ್ ಕ್ಲೇಮ್ ಆಯ್ತಾ ಇಲ್ವಾ ಅಂತ ಮಾತ್ರ, ತಪ್ಪು ಯಾರದ್ದು ಅಂತ ಅಲ್ಲ. ಆಟೋದವರ ಥರ್ಡ್ ಪಾರ್ಟಿ ಇನ್ಶೂರೆನ್ಸಿಂದ ನಿಮ್ಮ ನಷ್ಟ ವಸೂಲಿ ಮಾಡೋಕೆ ಕಾನೂನಲ್ಲಿ ಅವಕಾಶ ಇದೆ, ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಪ್ರತಿ ಗಾಡಿಗೂ ಅದು ಕಡ್ಡಾಯ, ಆದ್ರೆ ಅದಕ್ಕೆ ಪೊಲೀಸ್ ಕಂಪ್ಲೇಂಟು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಅಂತ ದಾರಿ ಉದ್ದ ಇದೆ. ಆರೇಳು ಸಾವಿರದ ಬಂಪರಿಗೆ ಯಾರೂ ಅಷ್ಟು ಓಡಾಡಲ್ಲ. ಗುದ್ದಿದವರು ಸ್ಥಳದಲ್ಲೇ ನ್ಯಾಯವಾದ ದುಡ್ಡು ಕೊಡೋಕೆ ಒಪ್ಪಿದ್ರೆ ತಗೊಳ್ಳಿ, ಎರಡೂ ಗಾಡಿ ನಂಬರ್ ಹಾಕಿ ಇಷ್ಟಕ್ಕೆ ಮುಗೀತು ಅಂತ ಇಬ್ರೂ ಸೈನ್ ಹಾಕಿದ ಚೀಟಿ ಇಟ್ಕೊಳ್ಳಿ, ಆಮೇಲೆ ಯಾರೂ ಕತೆ ಬದಲಾಯಿಸೋಕಾಗಲ್ಲ. ಯಾರಿಗಾದ್ರೂ ಗಾಯ ಆಗಿದ್ರೆ ಮಾತ್ರ ಈ ಚೀಟಿ ವ್ಯವಹಾರ ಬೇಡವೇ ಬೇಡ, ಪೊಲೀಸರಿಗೆ ಹೇಳ್ಲೇಬೇಕು.

ಪ್ರಶ್ನೆ: ಇನ್ನು ಎರಡು ಮೂರು ತಿಂಗಳಲ್ಲಿ ಹಳೇ ಗಾಡಿ ಮಾರಿ ಹೊಸದು ತಗೋತೀನಿ. ಎನ್‌ಸಿಬಿ 50 ಇದೆ. ಹೆಂಗೂ ಮಾರೋ ಗಾಡಿ, ಇನ್ಶೂರೆನ್ಸಲ್ಲೇ ಡೋರ್ ಪೇಂಟ್ ಮಾಡಿಸ್ಬಿಟ್ರೆ ರೇಟ್ ಚೆನ್ನಾಗಿ ಬರುತ್ತೆ ಅಂತ ತಮ್ಮ ಹೇಳ್ತಿದ್ದಾನೆ. — ಶಿವಮೊಗ್ಗದ ಓದುಗರು

ಉತ್ತರ: ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ನನಗೆ ಅತಿ ಮುಖ್ಯ ಅನ್ಸಿದ್ದು ಇದು, ಯಾಕಂದ್ರೆ ಇಲ್ಲಿ ಗೊತ್ತಿಲ್ದೇ ದೊಡ್ಡ ದುಡ್ಡು ಕಳ್ಕೊಳ್ತಾರೆ. ಎನ್‌ಸಿಬಿ ಗಾಡೀದಲ್ಲ, ನಿಮ್ಮದು. ಗಾಡಿ ಮಾರಿದಾಗ ಅದು ಕೊಂಡವರಿಗೆ ಹೋಗಲ್ಲ, ನಿಮ್ಮ ಹತ್ರಾನೇ ಉಳಿಯುತ್ತೆ, ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಮ್ಮಲ್ಲಿ ಅದೇ 50 ಪರ್ಸೆಂಟ್ ಕಳೀಬಹುದು. ಹೊಸ ಗಾಡಿಗೆ ಐಡಿವಿ ಜಾಸ್ತಿ, ಹಂಗಾಗಿ ಓನ್ ಡ್ಯಾಮೇಜೂ ಜಾಸ್ತಿ. ಅದು 30,000 ಇದೆ ಅಂತ ಇಟ್ಕೊಳ್ಳಿ, ಮೊದಲನೇ ವರ್ಷವೇ 15,000 ಉಳೀತು, ಜಿಎಸ್‌ಟಿ ಬೇರೆ ಉಳೀತು, ಮುಂದಿನ ವರ್ಷಗಳದ್ದು ಇನ್ನೂ ಎಣಿಸಿಲ್ಲ. ಹಳೇ ಗಾಡಿ ಡೋರಿನ ಐದಾರು ಸಾವಿರದ ಪೇಂಟಿಗೆ ಇದನ್ನೆಲ್ಲ ಒತ್ತೆ ಇಡ್ತೀರಾ?

ಮಾರೋವಾಗ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಸರ್ಟಿಫಿಕೇಟ್ ಕೇಳಿ ತಗೊಳ್ಳಿ, ಮೂರು ವರ್ಷದೊಳಗೆ ಹೊಸ ಕಾರಿಗೆ ಉಪಯೋಗಿಸ್ಬಹುದು. ಕಾರಿಂದು ಕಾರಿಗೆ ಮಾತ್ರ, ಕಾರಿಂದು ಬೈಕಿಗೆ ಆಗಲ್ಲ. ಶೋರೂಮಲ್ಲಿ ಹೊಸ ಗಾಡಿ ಇನ್ಶೂರೆನ್ಸ್ ಕೊಟೇಶನ್ ಕೊಡೋವಾಗ ಇದನ್ನ ಅವರಾಗಿ ಕೇಳ್ತಾರೆ ಅಂತ ಕಾಯ್ಬೇಡಿ, ನೀವೇ ಹೇಳಿ. ಹಂಗೇ, ಮಾರೋದು ತಡ ಆಗಿ ಮಧ್ಯೆ ಹಳೇ ಪಾಲಿಸಿ ಮುಗಿದು ರಿನ್ಯೂ ಮಾಡದೇ 90 ದಿನ ದಾಟಿದ್ರೂ ಎನ್‌ಸಿಬಿ ಹೋಗುತ್ತೆ, ಅದೂ ಜ್ಞಾಪಕ ಇರ್ಲಿ. ಕ್ಲೇಮ್ ಮಾಡಿ ಆಮೇಲೆ ಹೊಸ ಕಂಪನೀಲಿ ಕ್ಲೇಮೇ ಆಗಿಲ್ಲ ಅಂತ ಹೇಳಿ 50 ತಗೋಬಹುದು ಅಂತ ಸಲಹೆ ಕೊಡೋರೂ ಇದ್ದಾರೆ. ಕಂಪನಿಗಳು ಒಬ್ಬರಿಗೊಬ್ಬರು ಕೇಳಿ ತಿಳ್ಕೊಳ್ತಾರೆ, ಸುಳ್ಳು ಅಂತ ಗೊತ್ತಾದ್ರೆ ಹೊಸ ಗಾಡೀದು ಓನ್ ಡ್ಯಾಮೇಜ್ ಕ್ಲೇಮೇ ಕೈತಪ್ಪುತ್ತೆ.

ಪ್ರಶ್ನೆ: ಮುಂದಿನ ಬಂಪರ್ ಒಂದೇ ಸ್ವಲ್ಪ ಬಿರುಕು ಬಿಟ್ಟಿದೆ, ಗಾಡಿ ಚೆನ್ನಾಗೇ ಓಡ್ತಿದೆ. ಹೊರಗಡೆ ಮಾಡಿಸ್ಕೊಂಡ್ರೆ ಸಾಕಲ್ವಾ? ಕ್ಲೇಮ್ ಮಾಡೋದು ಬೇಡ ಅಂತ ನೀವೂ ಹೇಳ್ತಿರ್ತೀರಿ. — ಮಂಗಳೂರಿನ ಓದುಗರು

ಉತ್ತರ: ಯಾವಾಗ್ಲೂ ಬೇಡ ಅಂತ ಹೇಳಲ್ಲ. ಮುಂದಿನ ಬಂಪರ್ ವಿಷಯದಲ್ಲಂತೂ ಬಿಚ್ಚಿ ನೋಡದೇ ತೀರ್ಮಾನ ಮಾಡ್ಲೇಬೇಡಿ. ಪ್ಲಾಸ್ಟಿಕ್ ಬಂಪರ್ ಗುದ್ದಿದಾಗ ಒಳಗೆ ಹೋಗಿ ಮತ್ತೆ ಹೊರಗೆ ಪುಟಿದು ಬಂದುಬಿಡುತ್ತೆ, ಮೇಲೆ ನೋಡಿದ್ರೆ ಕೂದಲೆಳೆ ಬಿರುಕು, ಒಳಗೆ ಕಬ್ಬಿಣದ ಅಡ್ಡಪಟ್ಟಿ ಬಗ್ಗಿರುತ್ತೆ, ಎಸಿ ಕಂಡೆನ್ಸರ್ ರೆಕ್ಕೆಗಳು ಚಪ್ಪಟೆ ಆಗಿರುತ್ತೆ, ಹೆಡ್‌ಲ್ಯಾಂಪಿನ ಕಿವಿ ಮುರಿದು ಲೈಟ್ ಅಲ್ಲಾಡ್ತಿರುತ್ತೆ. ಕೆಲವು ಹೊಸ ಗಾಡಿಗಳಲ್ಲಿ ಮುಂದೆ ರಾಡಾರ್ ಇರುತ್ತೆ, ಪಾರ್ಕಿಂಗ್ ಸೆನ್ಸರ್ ಇರುತ್ತೆ, ಅದು ಸ್ವಲ್ಪ ತಿರುಗಿದ್ರೂ ಮತ್ತೆ ಸೆಟ್ ಮಾಡಿಸೋ ಖರ್ಚೇ ಬೇರೆ. ಹೊರಗೆ ಬಂಪರಿಗೆ ಬಣ್ಣ ಹೊಡೆಸ್ಕೊಂಡು ಬಂದ ಮೇಲೆ ಇದೆಲ್ಲ ಗೊತ್ತಾದ್ರೆ ಆಗ ಕ್ಲೇಮ್ ಮಾಡೋದು ಕಷ್ಟ, ಸಾಕ್ಷಿ ನೀವೇ ಅಳಿಸಿದ್ದೀರಿ. ಬಂಪರ್ ಬಿಚ್ಚಿಸಿ, ಫೋಟೋ ತೆಗೆಸಿ, ಪೂರ್ತಿ ಎಸ್ಟಿಮೇಟ್ ಕೈಲಿಟ್ಕೊಂಡು ಆಮೇಲೆ ಲೆಕ್ಕ ಹಾಕಿ. ಕೆಳಗೆ ಕೂಲೆಂಟ್ ತೊಟ್ಟಿಕ್ತಿದ್ರೆ ಗಾಡಿ ಓಡಿಸ್ಲೇಬೇಡಿ, ಹಂಗೇ ಓಡಿಸಿ ಇಂಜಿನ್ ಹೋದ್ರೆ ಆ ನಂತರದ ನಷ್ಟಕ್ಕೆ ಪಾಲಿಸಿ ಬರಲ್ಲ.

ಒಳಗೆಲ್ಲ ಪೆಟ್ಟಾಗಿ ಐವತ್ತು ಸಾವಿರದ ಬಿಲ್ ಆಗ್ತಿದ್ರೂ ಎನ್‌ಸಿಬಿ ಉಳಿಸ್ಬೇಕು ಅಂತ ಕೈಯಿಂದ ಹಾಕೋರನ್ನೂ ನೋಡಿದ್ದೀನಿ, ನನಗೆ ಅದು ಸಂಕಟ ಆಗುತ್ತೆ, ಅಂಥದ್ದಕ್ಕೇ ಅಲ್ವಾ ವರ್ಷಾ ವರ್ಷಾ ದುಡ್ಡು ಕಟ್ಟೋದು.

ನೀವು ಕರಾವಳಿಯವರಾದ್ರಿಂದ ಇನ್ನೊಂದು. ಬಂಪರ್ ಪ್ಲಾಸ್ಟಿಕ್, ತುಕ್ಕು ಹಿಡಿಯಲ್ಲ, ನಿಧಾನವಾಗಿ ಮಾಡಿಸಿದ್ರೂ ನಡೆಯುತ್ತೆ. ಆದ್ರೆ ಡೋರು, ಬಾನೆಟ್ಟು, ಫೆಂಡರಲ್ಲಿ ಬಣ್ಣ ಕಿತ್ತು ಕಬ್ಬಿಣ ಕಾಣ್ತಿದ್ರೆ ಉಪ್ಪುಗಾಳಿಗೆ ಬೇಗ ತುಕ್ಕು ಹತ್ತುತ್ತೆ, ಕ್ಲೇಮ್ ಮಾಡ್ತೀರೋ ಬಿಡ್ತೀರೋ, ಮಳೆಗಾಲ ಬರೋಕೆ ಮುಂಚೆ ಮಾಡಿಸ್ಬಿಡಿ. ಕ್ಲೇಮ್ ಮಾಡೋದಾದ್ರೆ ಸರ್ವೇಯರ್ ನೋಡಿದ ಮೇಲೆ ಬಣ್ಣ ಮುಟ್ಟಿ.

ಪ್ರಶ್ನೆ: ಕ್ಲೇಮ್ ಇಂಟಿಮೇಟ್ ಮಾಡಿ ನಂಬರೂ ಬಂದಿದೆ, ಈಗ ಬೇಡ ಅನ್ಸ್ತಿದೆ. ಹಿಂದೆ ಸರೀಬಹುದಾ? — ತುಮಕೂರಿನ ಓದುಗರು

ಉತ್ತರ: ಕಂಪನಿ ಇನ್ನೂ ದುಡ್ಡು ಕೊಟ್ಟಿಲ್ಲ ಅಂದ್ರೆ ಸರೀಬಹುದು. ಗ್ಯಾರೇಜವರಿಗೆ ಬಾಯಲ್ಲಿ ಹೇಳಿ ಸುಮ್ನಾಗ್ಬೇಡಿ, ಕ್ಲೇಮ್ ನಂಬರ್ ಹಾಕಿ ಇನ್ಶೂರೆನ್ಸ್ ಕಂಪನಿಗೇ ಮೇಲ್ ಮಾಡಿ, ಕ್ಲೇಮ್ ವಾಪಸ್ ತಗೋತಿದ್ದೀನಿ, ಹಣ ಪಾವತಿ ಇಲ್ದೇ ಮುಚ್ಚಿದ್ದೀವಿ ಅಂತ ಬರಹದಲ್ಲಿ ಕೊಡಿ ಅಂತ ಕೇಳಿ. ಕ್ಲೇಮ್ ತೆರೆದೇ ಉಳಿದ್ರೆ ರಿನ್ಯೂವಲ್ ಟೈಮಲ್ಲಿ ಸಿಸ್ಟಮಲ್ಲಿ ಎನ್‌ಸಿಬಿ ಸೊನ್ನೆ ಅಂತ ತೋರಿಸ್ಬಹುದು, ಆಗ ಆ ಮೇಲ್ ತೋರಿಸಿ ಸರಿ ಮಾಡಿಸ್ಕೊಳ್ಳಿ. ಅಷ್ಟರಲ್ಲಿ ಗ್ಯಾರೇಜಲ್ಲಿ ಬಿಚ್ಚಿದ್ದಕ್ಕೆ ಲೇಬರ್ ಕೇಳ್ತಾರೆ, ಅದನ್ನ ಕೊಟ್ಟು ಗಾಡಿ ತಗೊಂಡು ಬನ್ನಿ.